ನೋವಿನ ಹಾಸಿಗೆಯ ಪಕ್ಕ ಸ್ನಾಯು ಸಡಿಲಿಕೆಯ ಆಡಿಯೊ: ಯಾವುದು ಹಾಕಬಹುದು, ಯಾವುದು ಬೇಡ

ಮೊಬೈಲ್‌ನಲ್ಲಿ ಪುಕ್ಕಟೆ ಸಿಗುವ ಸ್ನಾಯು ಸಡಿಲಿಕೆಯ ಆಡಿಯೊಗಳಲ್ಲಿ ಹೆಚ್ಚಿನವು ಗಟ್ಟಿಮುಟ್ಟಾಗಿರುವವರಿಗೆ ಮಾಡಿದವು. 1920ರ ದಶಕದಲ್ಲಿ ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ರೂಪಿಸಿದ ಕ್ರಮವೇ ಇವಕ್ಕೆ ಬುನಾದಿ: ಒಂದೊಂದೇ ಸ್ನಾಯುವನ್ನು ಸ್ವಲ್ಪ ಹೊತ್ತು ಬಿಗಿಹಿಡಿದು, ಆಮೇಲೆ ಇನ್ನಷ್ಟು ಹೊತ್ತು ಸಡಿಲ ಬಿಡುವುದು. ಕ್ಯಾನ್ಸರ್ ಮೂಳೆಗೆ ಹರಡಿದವರಿಗೆ ಎಡವಟ್ಟಾಗುವುದು ಇಲ್ಲೇ. ಬೆನ್ನು, ತೊಡೆ ಬಿಗಿದರೆ ನೋವು ಕೆರಳುತ್ತದೆ. ಅಂಥವರಿಗೆ ಬಿಗಿಯುವ ಭಾಗವೇ ಇಲ್ಲದ, 'ಭುಜ ಭಾರವಾಗಲಿ, ದವಡೆ ಸಡಿಲವಾಗಲಿ' ಎಂದಷ್ಟೇ ಹೇಳುವ ಆಡಿಯೊ ಹುಡುಕಿ. ಸಿಗದಿದ್ದರೆ ಮನೆಯವರೇ ನಿಧಾನವಾಗಿ ಹೇಳಿದರಾಯಿತು. ಅಪರಿಚಿತರ ನಯವಾದ ದನಿಗಿಂತ ಅದೇ ಎಷ್ಟೋ ಮೇಲು.

'ಉಸಿರು ಹಿಡಿದುಕೊಳ್ಳಿ' ಎನ್ನುವವಕ್ಕೆ ಅಂಕ ಕಡಿಮೆ. ಏದುಸಿರು ಇರುವವರು ಗಾಬರಿಯಾಗುತ್ತಾರೆ. ಮೂಗಿನಿಂದ ಎಳೆದು, ತುಟಿ ಚೂಪು ಮಾಡಿ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಸಾಕು. 40 ನಿಮಿಷದವು ಬೇಡ, 10–15 ನಿಮಿಷ ಮಿತಿ. ನಡುವೆ ಜಾಹೀರಾತು ಅರಚಿದರೆ ಎಲ್ಲ ಹಾಳು, ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ನೋವಿಗೆ ಕೊಡುವ ಸಾದಾ (ಬೇಗ ಕೆಲಸ ಮಾಡುವ) ಮಾರ್ಫಿನ್ ಮಾತ್ರೆ ನುಂಗಿ ಅರ್ಧ ಗಂಟೆಯ ನಂತರ ಶುರುಮಾಡುವುದು ಒಳ್ಳೆಯದು. ಮಾತ್ರೆಗೆ ಇದು ಬದಲಿಯಲ್ಲ. ಒಂದು ಮಗ್ಗುಲಿಗೆ ಮಲಗಿಸಿ ಮಂಡಿಗಳ ನಡುವೆ ದಿಂಬಿಡಿ. ಕಣ್ಣು ಮುಚ್ಚಿದರೆ ಭಯವೆನ್ನುವವರು ತೆರೆದೇ ಇರಲಿ.