ಮೀನು ಹೊತ್ತ ಪಿಕಪ್ "ತರಕಾರಿ ಗಾಡಿ" ಆಗಿ ಮಾರಾಟಕ್ಕೆ ಬರುತ್ತದೆ, ಹುಷಾರು

ಮಳೆಗಾಲದಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕುತ್ತಿರುವವರು ಇದನ್ನು ಓದಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಸಾಗಿಸುವ ಗಾಡಿಗಳಿಗೂ ಆಗ ಕೆಲಸ ಕಡಿಮೆ. ಅಂಥದ್ದೊಂದು ಬಣ್ಣ ಬಳಿಸಿಕೊಂಡು ನಮ್ಮ ಮನೆಗೆ ಬಂತು.

ಸಾಗರದ ಹತ್ತಿರ ನಮ್ಮದು ಅಡಿಕೆ ತೋಟ. ಎರಡು ಗಾಡಿ ನೋಡಿದ್ದೆವು. ಕಂಪನಿ ಒಂದೇ, ಬೆಲೆಯೂ ಹೆಚ್ಚುಕಮ್ಮಿ ಒಂದೇ. ಮೊದಲನೆಯದು ದಾವಣಗೆರೆಯ ಕೆಎ-17. ಮೆಕ್ಕೆಜೋಳ ಹೊಡೆಯುತ್ತಿದ್ದ ಗಾಡಿ. ಬಾಡಿ ತುಂಬಾ ಸೊಟ್ಟ, ಬಣ್ಣ ಮಾಸಿತ್ತು, ಸ್ಟಾರ್ಟ್ ಮಾಡಿದರೆ ಹೊಗೆ, ಕ್ಲಚ್ ಕೂಡ ಮುಗಿದಿತ್ತು. ಎರಡನೆಯದು ಕೆಎ-15, ನಮ್ಮದೇ ಸಾಗರದ ನಂಬರ್. ಮಾಡೆಲ್ ಹೊಸದು, ಇಂಜಿನ್ ಚೆನ್ನಾಗಿತ್ತು, ಅಡಿಭಾಗಕ್ಕೂ ಹೊಚ್ಚಹೊಸ ಕಪ್ಪು ಬಣ್ಣ. "ತರಕಾರಿ ಬಿಟ್ಟು ಬೇರೇನೂ ಹಾಕಿಲ್ಲ ಮಾರಾಯ್ರೆ" ಎಂದರು ಬ್ರೋಕರ್. ಅದನ್ನೇ ತಂದೆವು.

ಮೊದಲ ಸಲ ವಾಟರ್ ಸರ್ವಿಸ್‌ಗೆ ಬಿಟ್ಟಾಗ ಅಲ್ಲಿನ ಹುಡುಗ ಕರೆದು ತೋರಿಸಿದ. ನೀರಿನ ಹೊಡೆತಕ್ಕೆ ಕಪ್ಪು ಬಣ್ಣ ಎದ್ದು ಬರುತ್ತಿತ್ತು, ಅದರ ಬೆನ್ನಿಗೇ ಕಬ್ಬಿಣವೂ ಹಪ್ಪಳದಂತೆ ಕಳಚಿ ಬೀಳುತ್ತಿತ್ತು. ಟಿಂಕರಿಂಗ್‌ನವರು ಸುತ್ತಿಗೆಯಲ್ಲಿ ಚಾಸಿ, ಅಂದರೆ ಇಡೀ ಗಾಡಿಯ ಭಾರ ಹೊರುವ ಅಡಿಚೌಕಟ್ಟು, ತಟ್ಟುತ್ತಾ ಹೋದರು. ಮುಂದೆ ಟಣ್ ಎನ್ನುತ್ತಿದ್ದದ್ದು ಹಿಂದಿನ ಸ್ಪ್ರಿಂಗ್ ಪ್ಲೇಟನ್ನು ಚಾಸಿಗೆ ಹಿಡಿದಿಡುವ ಹ್ಯಾಂಗರ್ ಹತ್ತಿರ ಡಬ್ ಎಂದಿತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದರೆ ಒಳಗೇ ಹೋಯಿತು. ಕ್ಯಾಬಿನ್ನಿನ ಮ್ಯಾಟ್ ಎತ್ತಿದರೆ ಕೆಳಗೆ ತಗಡಿನ ತೇಪೆ, ಸುತ್ತ ತೂತು-ತಗ್ಗು ಮುಚ್ಚಲು ಮೆತ್ತುವ ಪುಟ್ಟಿ. ಸೀಟಿನ ಅಡಿಯಿಂದ ಬಂದ ವಾಸನೆಗೆ ಸಾಕ್ಷಿ ಬೇರೆ ಬೇಕಿರಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿಯಿತು, ಇದು ಭಟ್ಕಳದಿಂದ ಘಟ್ಟದ ಮೇಲೆ ಮೀನು ತರುತ್ತಿದ್ದ ಗಾಡಿ.

ಮಂಜುಗಡ್ಡೆ ಕರಗಿದ ಉಪ್ಪುನೀರು ಕ್ರೇಟಿನಿಂದ ಸೋರಿ, ಬಾಡಿಯ ಸಂದಿನಿಂದ ಇಳಿದು ಚಾಸಿಯ ಒಳಮೂಲೆಗಳಲ್ಲಿ ಕೂರುತ್ತದೆ. ಉಪ್ಪು ಗಾಳಿಯ ತೇವವನ್ನೂ ಹೀರುತ್ತದೆ. ಹಾಗಾಗಿ ಗಾಡಿ ಶೆಡ್ಡಿನಲ್ಲಿ ನಿಂತಿದ್ದರೂ ತುಕ್ಕು ಒಳಗಿನಿಂದ ತಿನ್ನುತ್ತಲೇ ಇರುತ್ತದೆ. ಮೀನೊಂದೇ ಅಲ್ಲ, ಕೋಳಿಗೊಬ್ಬರ, ಪೊಟ್ಯಾಷ್ ಹೊತ್ತ ಗಾಡಿಗಳದ್ದೂ ಇದೇ ಕಥೆ.

ಪ್ಲೇಟ್ ಇಟ್ಟು ವೆಲ್ಡ್ ಮಾಡಿಸಿದರಾಯಿತು ಎಂದು ಹೇಳುವವರು ಇದ್ದಾರೆ. ವೆಲ್ಡಿಂಗ್ ಹಿಡಿಯಲು ಗಟ್ಟಿ ಕಬ್ಬಿಣ ಬೇಕಲ್ವಾ? ತೆಳುವಾದ ಕಡೆ ಕಡ್ಡಿ ತಾಗಿಸಿದರೆ ತೂತು ದೊಡ್ಡದಾಗುತ್ತದೆ ಅಷ್ಟೇ. ಲೋಡ್ ಹೊರುವ ಜಾಗದಲ್ಲಿ ಅದನ್ನು ನಂಬಿ ಘಟ್ಟ ಇಳಿಯುವ ಧೈರ್ಯ ನನಗಿಲ್ಲ. ದಾವಣಗೆರೆ ಗಾಡಿಯ ಕ್ಲಚ್ ಬದಲಿಸಬಹುದಿತ್ತು, ಇಂಜಿನ್ ಬಿಚ್ಚಿಸಬಹುದಿತ್ತು. ಚಾಸಿಗೆ ಹಾಗಾಗುವುದಿಲ್ಲ.

ಮಾರಿದವರಿಗೆ ಫೋನ್ ಮಾಡಿದರೆ, "ಹಳೇ ಗಾಡಿ ಅಂದ್ಮೇಲೆ ತುಕ್ಕು ಇರಲ್ವಾ?" ಎಂದರು. ಅಗ್ರಿಮೆಂಟಿನಲ್ಲಿ "ಇರುವ ಸ್ಥಿತಿಯಲ್ಲೇ ಒಪ್ಪಿ ಕೊಂಡಿರುತ್ತೇನೆ" ಎಂಬ ಸಾಲು ಇತ್ತು. ಮಾತು ಅಲ್ಲಿಗೇ ಮುಗಿಯಿತು.

ನಂಬರ್ ಪ್ಲೇಟ್ ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡಿ. ಕೆಎ-19, 20, 30, 47 ಕಂಡರೆ ಕರಾವಳಿ ಎಂದು ಹುಷಾರಾಗುತ್ತೇವೆ, ಸರಿ. ಆದರೆ ಮಲೆನಾಡಿನ ನಂಬರ್ ಇರುವ ಗಾಡಿಯೂ ದಿನಾ ಬಂದರಿಗೆ ಹೋಗಿ ಬಂದಿರಬಹುದು. ಯಾವ ಲೋಡ್ ಹೊಡೆಯುತ್ತಿತ್ತು ಎಂದು ಬ್ರೋಕರ್ ಬಳಿ ಕೇಳಿ ಪ್ರಯೋಜನವಿಲ್ಲ. ಹಳೆಯ ಡ್ರೈವರ್ ಅಥವಾ ಗ್ಯಾರೇಜಿನವರನ್ನು ಕೇಳಿ. ಅಡಿಭಾಗದ ಹೊಸ ಕಪ್ಪು ಬಣ್ಣ ರಬ್ಬರ್ ಬುಷ್, ಬ್ರೇಕ್ ಪೈಪ್, ಬೋಲ್ಟುಗಳ ಮೇಲೂ ಹರಡಿದ್ದರೆ ಅದು ಅವಸರದಲ್ಲಿ ಮುಚ್ಚಿದ ಕೆಲಸ. ಬಾಗಿಲಿನ ಕೆಳಗಿನ ಅಂಚಿಗೆ ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿಯಿರಿ, ಪುಟ್ಟಿ ದಪ್ಪ ಇದ್ದರೆ ಅಂಟುವುದಿಲ್ಲ. ಬ್ರೇಕ್ ಪೈಪ್ ತುಕ್ಕು ತಿಂದಿದ್ದರೆ ಟೆಸ್ಟ್ ಡ್ರೈವ್ ಕೂಡ ಬೇಡ.

ಮೇಲ್ಮೈ ತುಕ್ಕಿಗೆ ಹೆದರಬೇಕಿಲ್ಲ. ಲೋಹ ಹೊಳೆಯುವವರೆಗೆ ವೈರ್ ಬ್ರಷ್‌ನಲ್ಲಿ ಉಜ್ಜಿ, ಒಣಗಿಸಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಮೇಲೆ ಬಣ್ಣ ಕೊಟ್ಟರೆ ಬಾಳಿಕೆ ಬರುತ್ತದೆ. ಉಜ್ಜದೆ ಅಂಡರ್ ಕೋಟಿಂಗ್ ಹೊಡೆಸಿದರೆ ತೇವ ಒಳಗೇ ಉಳಿದು ಇನ್ನೂ ಜಾಸ್ತಿ ಕೆಡುತ್ತದೆ.

ಅಡ್ವಾನ್ಸ್ ಕೊಡುವ ಮೊದಲು ನಿಮ್ಮದೇ ದುಡ್ಡಿನಲ್ಲಿ ಗಾಡಿಯನ್ನು ರ‍್ಯಾಂಪ್ ಹತ್ತಿಸಿ, ಅಡಿಗೆ ಪ್ರೆಷರ್ ನೀರು ಹೊಡೆಸಿ. "ಅದೆಲ್ಲ ಯಾಕೆ, ಟೈಮ್ ಇಲ್ಲ" ಎಂದು ಮಾರುವವರು ತಡೆದರೆ ಬೇರೆ ಗಾಡಿ ನೋಡಿ.