ಎಸ್ಸೆಸ್ಸೆಲ್ಸಿ ಓದಿಗೆ ತಂದ ಹಳದಿ ಮಲ್ಟಿಮೀಟರ್: ಬಲ್ಬಿನಲ್ಲಿ ಪಾಸ್, ಬ್ಯಾಟರಿಯಲ್ಲಿ ಫೇಲ್

ವಿಜ್ಞಾನಕ್ಕೆ ಮತ್ತೊಂದು ಗೈಡ್ ಬೇಕು ಅಂತ ಮಗಳು ಹಟ ಹಿಡಿದಾಗ ನಾನು ತಂದುಕೊಟ್ಟಿದ್ದು ವೋಲ್ಟ್, ಕರೆಂಟ್, ರೋಧ ಮೂರನ್ನೂ ಅಳೆಯೋ ಮಲ್ಟಿಮೀಟರ್. ಶಿರಸಿ ಪೇಟೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಇನ್ನೂರೈವತ್ತು ರೂಪಾಯಿ ಚಿಲ್ಲರೆ. ಗೈಡಿನ ರೇಟು ಅದಕ್ಕಿಂತ ಜಾಸ್ತಿಯೇ ಇತ್ತು, ಮೇಲಾಗಿ ಮನೆಯಲ್ಲಿ ಆಗಲೇ ಎರಡು ಗೈಡ್ ಬಿದ್ದುಕೊಂಡಿತ್ತು. ನಾನು ಹೊಲಿಗೆಯವಳು. ಮಷಿನ್ನಿನ ಮೋಟರ್ ಕೈಕೊಟ್ಟಾಗಲೆಲ್ಲ ರಿಪೇರಿಯವನ ದಾರಿ ಕಾದು ಸಾಕಾಗಿತ್ತು. ಒಂದೇ ಖರ್ಚಲ್ಲಿ ಎರಡು ಕೆಲಸ ಅನ್ನೋ ಲೆಕ್ಕ ನನ್ನದು. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ರೇಂಜು, ಡಯಲಿನ ಗುರುತು ಎಲ್ಲ ಡಬ್ಬಿಯ ಮೇಲೇ ಅಚ್ಚಾಗಿದೆ, ಅದನ್ನು ಇಲ್ಲಿ ಬರೆಯೋದಿಲ್ಲ. 830 ಮಾಡೆಲ್ ಅಂತ ಕೇಳಿದರೆ ಕೊಡ್ತಾರೆ. ಹತ್ತಾರು ಹೆಸರಲ್ಲಿ ಬರುವ ಅದೇ ಹಳದಿ ಮೀಟರ್. 2023ರ ಮಳೆಗಾಲದಲ್ಲಿ ತಂದಿದ್ದು. ಮಗಳು ಎಸ್ಸೆಸ್ಸೆಲ್ಸಿ ಬರೆದದ್ದು 2024ರ ಮಾರ್ಚ್-ಏಪ್ರಿಲಿನಲ್ಲಿ. ಮೀಟರ್ ಇನ್ನೂ ಬಳಕೆಯಲ್ಲಿದೆ.

ಸಂಜೆ ದೇವರ ಮುಂದೆ ದೀಪ ಹಚ್ಚಿ ಆದಮೇಲೆ ನನ್ನ ಮಷಿನ್ ಮೇಜು ಅವಳ ಪಾಲಿಗೆ. ಬಟ್ಟೆ ತುಂಡು, ಬಾಬಿನ್ ಎಲ್ಲ ಒಂದು ಬದಿಗೆ ಸರಿಸಿ ಮೀಟರ್ ಇಡ್ತಿದ್ದಳು. ಡಯಲನ್ನು 200 ಓಮ್‌ಗೆ ತಿರುಗಿಸಿದ ಕೂಡಲೇ ಪರದೆಯ ಎಡ ಮೂಲೆಯಲ್ಲಿ ಒಂಟಿ 1 ಬರ್ತದೆ. ಪ್ರೋಬ್ (ಮೀಟರಿನ ವಯರಿನ ತುದಿಯ ಕಡ್ಡಿ) ಎರಡೂ ಬಿಡಿಬಿಡಿ ಇವೆ, ನಡುವಿನ ರೋಧ, ಅಂದರೆ ಕರೆಂಟಿಗೆ ಆಗೋ ತಡೆ, ನನ್ನ ಅಳತೆ ಮೀರಿದ್ದು ಅಂತ ಅದರ ಅರ್ಥ. ಆಮೇಲೆ ಕೆಂಪು, ಕಪ್ಪು ಎರಡರ ಮೂತಿಯನ್ನೂ ಒಂದಕ್ಕೊಂದು ತಾಗಿಸಬೇಕು. ಅಂಕಿ ಸರಸರ ಇಳಿದು 0.4ಕ್ಕೆ ನಿಲ್ತದೆ. ಸೊನ್ನೆ ಯಾಕೆ ಬರಲಿಲ್ಲ? ಆ 0.4 ಪ್ರೋಬಿನ ವಯರಿನದೇ ರೋಧ. ಅದನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಬಂದ ಪ್ರತಿ ಅಂಕಿಯಿಂದಲೂ ಕಳೀತಿದ್ದಳು. ಅತ್ತೆಯವರಿಗೆ ಇದು ದಿನಾ ನೋಡೋ ಆಟ. "ಸಂಧ್ಯಾವಂದನೆ ಆತನೇ ಕೂಸೆ?" ಅಂತ ಒಳಗಿಂದಲೇ ಕೇಳ್ತಿದ್ದರು.

ಹತ್ತು ಓಮಿನ ಪುಟ್ಟ ರೋಧಕಗಳು ಅದೇ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಕ್ಕವು. ಮೂರನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು, ಹಿಡಿದರೆ 30ರ ಹತ್ತಿರ, ಸಮಾಂತರದಲ್ಲಿ, ಅಂದರೆ ಎಲ್ಲದರ ತುದಿ ಒಟ್ಟು ಸೇರಿಸಿ, ಹಿಡಿದರೆ 3.3ರ ಹತ್ತಿರ. ಸಮಾಂತರದಲ್ಲಿ ಒಟ್ಟು ರೋಧ ಎಲ್ಲಕ್ಕಿಂತ ಚಿಕ್ಕದಕ್ಕಿಂತಲೂ ಚಿಕ್ಕದು ಅನ್ನೋ ಸಾಲನ್ನು ಗೈಡ್ ದಪ್ಪ ಅಕ್ಷರದಲ್ಲಿ ಹಾಕಿತ್ತು, ಅವಳು ಬಾಯಿಪಾಠ ಮಾಡಿಯೂ ಇದ್ದಳು. ಮೂರನೇ ರೋಧಕ ತಾಗಿಸಿದ ಕ್ಷಣಕ್ಕೆ ಪರದೆಯ ಅಂಕಿ ಕೆಳಗಿಳಿದದ್ದು ನೋಡಿದ ಮೇಲೆ ಆ ಸಾಲನ್ನು ಮತ್ತೆ ಓದಲೇ ಇಲ್ಲ.

ಆದರೆ ನಾನು ಇದನ್ನು ಬರೆಯೋಕೆ ಕೂತದ್ದು ಬಲ್ಬಿಗಾಗಿ.

ಗಣಪತಿ ಮಂಟಪಕ್ಕೆ ಹಾಕ್ತಿದ್ದ ಹಳೇ ಬಲ್ಬುಗಳು ಅಟ್ಟದ ಮೇಲಿದ್ದವು, ಎಲ್‌ಇಡಿ ಬಂದಮೇಲೆ ಯಾರೂ ಮುಟ್ಟಿರಲಿಲ್ಲ. ಅದರಲ್ಲೊಂದು 100 ವ್ಯಾಟಿನದು. ವೋಲ್ಟಿನ ಅಚ್ಚು ಅಳಿಸಿಹೋಗಿತ್ತು, ಪುಸ್ತಕದ ಹಾಗೆ 220 ಅಂತ ಹಿಡಿದಳು. ವೋಲ್ಟಿನ ವರ್ಗವನ್ನು ವ್ಯಾಟಿನಿಂದ ಭಾಗಿಸು: 48,400 ಭಾಗಿಸು 100, ಅಂದರೆ 484 ಓಮ್. ಈ ಲೆಕ್ಕ ಪರೀಕ್ಷೆ ಬರೆಯೋ ಎಲ್ಲ ಮಕ್ಕಳಿಗೂ ಕಂಠಪಾಠ. ಬಲ್ಬಿನ ಬುಡಕ್ಕೆ ಪ್ರೋಬ್ ಇಟ್ಟರೆ ಮೀಟರ್ ತೋರಿಸಿದ್ದು ಮೂವತ್ತೊಂಬತ್ತು ಚಿಲ್ಲರೆ.

"ಆಯಿ, ಮೀಟರ್ ಹಾಳಾಯ್ದು!"

60 ವ್ಯಾಟಿನದನ್ನು ಹಿಡಿದಳು. ಲೆಕ್ಕದ ಪ್ರಕಾರ 806 ಬರಬೇಕು, ಬಂದದ್ದು ಅರವತ್ತರ ಮೇಲೆ ಸ್ವಲ್ಪ. ಇನ್ನೂರೈವತ್ತು ರೂಪಾಯಿಯ ಮಾಲು ಇಷ್ಟೇ ಅಂತ ನಾನೂ ಅಂದುಕೊಂಡೆ. ಆದರೆ ಹತ್ತು ಓಮಿನ ರೋಧಕವನ್ನು ಅದೇ ಮೀಟರ್ ಹತ್ತು ಅಂತಲೇ ತೋರಿಸ್ತಿತ್ತಲ್ಲ! ಮರುದಿನ ಶಾಲೆಯಲ್ಲಿ ವಿಜ್ಞಾನದ ಅಕ್ಕೋರ ಹತ್ತಿರ ಕೇಳಿದ್ದಕ್ಕೆ ಅವರು ಉತ್ತರವನ್ನೇ ಹೇಳಲಿಲ್ಲವಂತೆ. "ಬಲ್ಬು ಉರೀತಿರುವಾಗ ಅಳೆದಿಯಾ, ಆರಿದ್ದಾಗಲಾ?" ಅಂತ ತಿರುಗಿ ಕೇಳಿ ಕಳಿಸಿದರಂತೆ.

ಅಷ್ಟು ಸಾಕಾಯ್ತು. ಉರಿಯುವ ಬಲ್ಬಿನ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿಗೂ ಮೇಲೆ ಕಾದಿರ್ತದೆ. ಅದರ ಕರಗುವ ಬಿಂದು 3380 ಡಿಗ್ರಿ ಅಂತ ಪಠ್ಯಪುಸ್ತಕದಲ್ಲೇ ಇದೆ, ಬಲ್ಬಿಗೆ ಅದನ್ನೇ ಹಾಕೋದೂ ಅದಕ್ಕೇ. ಅಷ್ಟು ಕಾದಾಗ ಅದರ ರೋಧ ತಣ್ಣಗಿದ್ದಾಗಿನ ಹತ್ತು ಹನ್ನೆರಡು ಪಟ್ಟಾಗ್ತದೆ. 484 ಅನ್ನೋದು ಉರಿಯುವ ಬಲ್ಬಿನ ರೋಧ, 39 ಅಟ್ಟದಿಂದ ಇಳಿಸಿದ ಬಲ್ಬಿನದು. ಎರಡೂ ಸರಿ. ಬಲ್ಬು ಹೋಗೋದು ಹೆಚ್ಚಾಗಿ ಸ್ವಿಚ್ ಒತ್ತಿದ ಕ್ಷಣದಲ್ಲೇ ಯಾಕೆ ಅನ್ನೋದೂ ನನಗೆ ಆವತ್ತೇ ಗೊತ್ತಾದದ್ದು: ತಣ್ಣಗಿನ ತಂತಿಗೆ ಒಮ್ಮೆಲೇ ಹತ್ತು ಹನ್ನೆರಡು ಪಟ್ಟು ಕರೆಂಟ್ ನುಗ್ಗಿದರೆ ಎಲ್ಲಿ ಸವೆದಿದೆಯೋ ಅಲ್ಲಿ ಕಡೀತದೆ.

ಉರೀತಿರುವ ಬಲ್ಬಿಗೆ ಓಮ್ ರೇಂಜಿನಲ್ಲಿ ಪ್ರೋಬ್ ಇಡಬಾರದು, ಇದನ್ನು ಮಕ್ಕಳಿಗೆ ಮೊದಲೇ ಹೇಳಿಡಿ. ರೋಧ ಅಳೆಯೋದು ಕರೆಂಟಿಗೆ ಸಿಕ್ಕಿಸದ ಸಾಮಾನಿನದು ಮಾತ್ರ.

ಹಾಗಾದರೆ ಸೂತ್ರಕ್ಕೆ ಹೊಂದುವ ವಸ್ತು ಯಾವುದೂ ಇಲ್ಲವಾ ಅಂತ ಅವಳಿಗೆ ತಲೆಬಿಸಿ. 1000 ವ್ಯಾಟಿನ ಹೀಟರ್ ಕಾಯಿಲ್ ಒಂದನ್ನು ತರಿಸಿದೆ. ಸೂತ್ರ ಹೇಳೋದು 48.4, ಮೀಟರ್ ಹೇಳಿದ್ದು 47ರ ಹತ್ತಿರ. ಕಾಯಿಲ್ ನಿಕ್ರೋಮ್ ಅನ್ನೋ ಮಿಶ್ರಲೋಹದ್ದು, ಎಷ್ಟು ಕಾದರೂ ಅದರ ರೋಧ ಅಷ್ಟಾಗಿ ಬದಲಾಗೋದಿಲ್ಲ. ಆವತ್ತು ಅವಳ ಮುಖ ನೋಡಬೇಕಿತ್ತು. ಅದೇ ಉಮೇದಿನಲ್ಲಿ ಪುಸ್ತಕದ ಅಭ್ಯಾಸದ ಮೊದಲನೇ ಪ್ರಶ್ನೆಯನ್ನು ನಿಜವಾಗಿಯೇ ಮಾಡೋಣ ಅಂತ ಹೊರಟಳು. R ರೋಧದ ತಂತಿಯನ್ನು ಐದು ಸಮ ತುಂಡು ಮಾಡಿ ಸಮಾಂತರವಾಗಿ ಜೋಡಿಸಿದರೆ ಮೊದಲಿನ ರೋಧಕ್ಕೂ ಈಗಿನ ರೋಧಕ್ಕೂ ಅನುಪಾತ ಎಷ್ಟು ಅನ್ನೋ ಪ್ರಶ್ನೆ ಅದು. ಕಾಯಿಲನ್ನು ಜಗ್ಗಿ, ನನ್ನ ಟೇಪಿನಲ್ಲಿ ಅಳೆದು, ಸುಣ್ಣದ ಗುರುತು ಹಾಕಿದಳು. ಬಟ್ಟೆ ಕತ್ತರಿಗೆ ಕೈ ಹಾಕಿದ್ದಕ್ಕೆ ನಾನು ಕೂಗಿದ ಮೇಲೆ ಕಟಿಂಗ್ ಪ್ಲೇಯರ್ ಹುಡುಕಿದಳು. ಐದೂ ತುಂಡಿನ ತುದಿ ಸೇರಿಸಿ ತಿರುಚಿ ಅಳೆದರೆ 2.3. ಪ್ರೋಬಿನ 0.4 ಕಳೆದರೆ 1.9. 47ನ್ನು 1.9ರಿಂದ ಭಾಗಿಸಿದರೆ 25ರ ಹತ್ತಿರ ಬಂತು! ಉತ್ತರ 25. ಸಂಜೆಯ ಶಾಸ್ತ್ರಕ್ಕೆ ಬೆಲೆ ಬಂದದ್ದು ಅಲ್ಲೇ. ಆ 0.4 ಕಳೆಯದಿದ್ದರೆ ಅನುಪಾತ 20ಕ್ಕೆ ಬಂದು ಕೂರ್ತಿತ್ತು.

ಇಲ್ಲಿಗೆ ಹೊಗಳಿಕೆ ಸಾಕು.

ಈ ಮೀಟರಿಗೆ ತನ್ನಷ್ಟಕ್ಕೇ ಆಫ್ ಆಗೋ ವ್ಯವಸ್ಥೆ ಇಲ್ಲ. ಡಯಲನ್ನು ಆಫಿಗೆ ತಿರುಗಿಸದೆ ಎದ್ದು ಹೋದರೆ ಒಳಗಿನ 9 ವೋಲ್ಟಿನ ಬ್ಯಾಟರಿ ಸುಮ್ಮನೆ ಖಾಲಿಯಾಗ್ತಾ ಇರ್ತದೆ. ಹದಿನೈದು ವರ್ಷದ ಹುಡುಗಿ ಊಟಕ್ಕೆ ಕರೆದಾಗ ಡಯಲ್ ನೆನಪಿಟ್ಟುಕೊಳ್ತಾಳಾ? ಬ್ಯಾಟರಿ ಸತ್ತೇ ಹೋದರೆ ಪರವಾಗಿಲ್ಲ, ಗೊತ್ತಾಗ್ತದೆ. ಸಾಯೋ ಮೊದಲು ಅದು ಸುಳ್ಳು ಹೇಳ್ತದೆ. ಹೊಸ 1.5 ವೋಲ್ಟಿನ ಸೆಲ್ಲನ್ನು 1.8, 1.9 ಅಂತ ತೋರಿಸ್ತದೆ. ಓಮ್‌ನ ನಿಯಮದ ನಕ್ಷೆಗೆ ಒಂದೊಂದೇ ಸೆಲ್ ಸೇರಿಸುತ್ತಾ ವೋಲ್ಟ್, ಆಂಪಿಯರ್ ಬರೆದುಕೊಳ್ತಾ ಹೋದವಳ ಇಡೀ ಸಂಜೆ ಹೀಗೆ ನೀರುಪಾಲಾಯ್ತು. ಪರದೆಯ ಮೂಲೆಯಲ್ಲಿ ಬ್ಯಾಟರಿಯ ಸಣ್ಣ ಚಿತ್ರ ಬರ್ತದಂತೆ. ನಮ್ಮ ಪೀಸಿನಲ್ಲಿ ಅದು ಬಂದದ್ದನ್ನು ನಾವ್ಯಾರೂ ಕಂಡಿಲ್ಲ.

ಬ್ಯಾಟರಿ ಬದಲಿಸೋಣ ಅಂದರೆ ಹಿಂಬದಿಯ ಎರಡು ಸ್ಕ್ರೂ ಬಿಚ್ಚಿ ಇಡೀ ಬೆನ್ನು ಕಳಚಬೇಕು. ಸ್ಕ್ರೂ ಕೂರೋ ಪ್ಲಾಸ್ಟಿಕ್ಕಿನ ಮರೆ ಬೇಗ ಸವೀತದೆ, ಈಗ ಸ್ಕ್ರೂ ಹಿಡಿಯೋದೇ ಇಲ್ಲ. ಪೆಟಿಕೋಟಿಗೆ ಹಾಕೋ ಇಲಾಸ್ಟಿಕ್ ಸುತ್ತಿ ಹೊಲಿದುಬಿಟ್ಟಿದ್ದೇನೆ. ಇಷ್ಟು ದಿನದಲ್ಲಿ ಬ್ಯಾಟರಿಗೆ ಹಾಕಿದ ದುಡ್ಡು ಕೂಡಿದರೆ ಮೀಟರಿನ ಅರ್ಧ ಬೆಲೆ ಆಗಿರಬಹುದು. ಪ್ರೋಬಿನ ವಯರೂ ಅಷ್ಟಕ್ಕಷ್ಟೇ. ಕುತ್ತಿಗೆಯ ಹತ್ತಿರ ಒಳಗೊಳಗೇ ಕಡಿದು, ಮುಟ್ಟಿದರೆ ಅಂಕಿ ಕುಣೀತದೆ.

ಫ್ಯೂಸಿನ ಕತೆಯೂ ಒಂದಿದೆ. ನಾದಿನಿಯ ಮಗ ರಜೆಗೆ ಬಂದವನು ಡಯಲನ್ನು 200 ಮಿಲಿಆಂಪಿಯರಿಗೆ ಇಟ್ಟು ಪ್ರೋಬ್ ಎರಡನ್ನೂ ಸೀದಾ ಟಾರ್ಚ್ ಸೆಲ್ಲಿನ ಎರಡು ತುದಿಗೆ ಒತ್ತಿದ. ಒಳಗಿನ ಫ್ಯೂಸ್ ಹೋಯ್ತು. ಕರೆಂಟ್ ಅಳೆಯುವಾಗ ಮೀಟರ್ ಅಮ್ಮೀಟರ್ ಆಗಿರ್ತದೆ, ಅಮ್ಮೀಟರಿನ ರೋಧ ತೀರಾ ಕಮ್ಮಿ, ಅದನ್ನು ಯಾವತ್ತೂ ಸರಣಿಯಲ್ಲೇ ಹಾಕಬೇಕು ಅಂತ ಅವನಿಗೆ ಬಿಡಿಸಿ ಹೇಳಿದ್ದು ಮಗಳೇ, ಸ್ವಲ್ಪ ಜಾಸ್ತಿಯೇ ಖುಷಿಯಿಂದ. ಆದರೆ ಮೀಟರಿನಲ್ಲಿ ವಯರ್ ಸಿಕ್ಕಿಸೋ 10 ಆಂಪಿಯರಿನ ತೂತಿಗೆ ಆ ಫ್ಯೂಸೂ ಇಲ್ಲ, ಪಕ್ಕದಲ್ಲಿ ಹಾಗಂತ ಬರೆದೇ ಇರ್ತದೆ. ಕೆಂಪು ವಯರ್ ಆ ತೂತಿನಲ್ಲಿರುವಾಗ ಗೋಡೆಯ ಪ್ಲಗ್ಗಿಗೆ ಪ್ರೋಬ್ ಹೋದರೆ ಅದು ಶಾರ್ಟ್ ಸರ್ಕಿಟ್ಟೇ. ನಮ್ಮಲ್ಲಿ ಪ್ಲಗ್ಗಿನ ವೋಲ್ಟ್ ನೋಡೋದು ನಾನೊಬ್ಬಳೇ, ಅದೂ ರಬ್ಬರ್ ಚಪ್ಪಲಿ ಹಾಕಿಕೊಂಡು, ವಯರ್ ಯಾವ ತೂತಿನಲ್ಲಿದೆ ಅಂತ ನೋಡಿಕೊಂಡು. ಇಷ್ಟು ಅಗ್ಗದ ಮೀಟರನ್ನು ಮನೆಯ ಕರೆಂಟಿಗೆ ಹಿಡಿಯೋಕೆ ಮಕ್ಕಳ ಕೈಗೆ ಖಂಡಿತ ಕೊಡಬೇಡಿ. ಅವರ ಓದಿಗೆ ಸೆಲ್ಲು ಸಾಕು.

ಇನ್ನು ಪರೀಕ್ಷೆಗೆ ಇದು ಎಷ್ಟು ಉಪಯೋಗ ಅನ್ನೋದು. ವಿಜ್ಞಾನದ 80 ಅಂಕದ ಪೇಪರಿನಲ್ಲಿ ಭೌತಶಾಸ್ತ್ರ ಒಂದು ಭಾಗ, ಉಳಿದದ್ದು ರಸಾಯನ ಮತ್ತು ಜೀವಶಾಸ್ತ್ರ. ಆ ಒಂದು ಭಾಗದಲ್ಲೂ ಮೀಟರ್ ಪೂರ್ತಿ ಕೈಹಿಡಿಯೋದು ವಿದ್ಯುಚ್ಛಕ್ತಿ ಪಾಠಕ್ಕೆ ಮಾತ್ರ. ಬೆಳಕಿನ ಪಾಠದ ನಿಮ್ನ ದರ್ಪಣ, ಪೀನ ಮಸೂರದ ಚಿತ್ರಗಳಿಗೆ ಸ್ಕೇಲು, ಪೆನ್ಸಿಲ್ಲೇ ಗತಿ. ಬಾಣದ ಗುರುತು ಮರೆತರೆ ಅಂಕ ಹೋಗ್ತದೆ, ಅದನ್ನು ಯಾವ ಮೀಟರೂ ನೆನಪಿಸೋದಿಲ್ಲ. ಕಾಂತೀಯ ಪರಿಣಾಮದ ಪಾಠಕ್ಕಂತೂ ನಿರಾಶೆಯೇ. ಸುರುಳಿಯೊಳಗೆ ಅಯಸ್ಕಾಂತ ತಳ್ಳಿದರೆ ಅಂಕಿ ಒಮ್ಮೆ ಮಿನುಗಿ ಹೋಗ್ತದೆ. ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸೋದರಿಂದ ನಡುವೆ ಏನಾಯ್ತು ಅಂತ ಕಾಣೋದಿಲ್ಲ. ಹೊರಗೆಳೆದಾಗ ಮೈನಸ್ ಗುರುತು ಬಂದದ್ದೇ ಸಮಾಧಾನ. ಅದಕ್ಕೆ ಶಾಲೆಯ ಮುಳ್ಳಿನ ಗ್ಯಾಲ್ವನೋಮೀಟರೇ ಸರಿ, ಮುಳ್ಳು ಆಚೆ ಈಚೆ ಹೊರಳೋದು ಕಣ್ಣಿಗೇ ಕಾಣ್ತದೆ.

ನಿಜವಾದ ಇಕ್ಕಟ್ಟು ಬೇರೆಯೇ. 220 ವೋಲ್ಟ್, 100 ವ್ಯಾಟಿನ ಬಲ್ಬನ್ನು 110 ವೋಲ್ಟಿಗೆ ಹಾಕಿದರೆ ಎಷ್ಟು ವ್ಯಾಟ್ ಅಂತ ಪಠ್ಯಪುಸ್ತಕದಲ್ಲೊಂದು ಪ್ರಶ್ನೆ ಇದೆ. ಉತ್ತರ 25. ಬಲ್ಬಿನ ಗುಟ್ಟು ಗೊತ್ತಾದ ಮಗಳು ಸುಮ್ಮನಿರ್ತಾಳಾ? 110ರಲ್ಲಿ ತಂತಿ ಕಮ್ಮಿ ಕಾಯ್ತದೆ, ರೋಧ 484ಕ್ಕಿಂತ ಕಮ್ಮಿ ಇರ್ತದೆ, ಹಾಗಾಗಿ 25ಕ್ಕಿಂತ ಜಾಸ್ತಿ ಅಂತ ವಾದ. ವಾದ ಸರಿಯೇ. ಅಕ್ಕೋರೂ ಒಪ್ಪಿ, "ಪೇಪರಿನಲ್ಲಿ 25 ಅಂತಲೇ ಬರಿ" ಅಂತ ಹೇಳಿ ಕಳಿಸಿದರು. ಮಳೆಗಾಲದಲ್ಲಿ ನಮ್ಮ ಮನೆಗೆ 170 ವೋಲ್ಟ್ ಬಂದ ಸಂಜೆ ನಾನು ಅಳೆದು ಹೇಳಿದ್ದೇ ತಡ, ಆ ಬಲ್ಬು ಪುಸ್ತಕದ ಪ್ರಕಾರ ಸುಮಾರು 60 ವ್ಯಾಟ್, ನಿಜದಲ್ಲಿ ಅದಕ್ಕೂ ಮೇಲೆ ಅಂತ ಎರಡು ಉತ್ತರ ತಯಾರು. ಎರಡು ಉತ್ತರ ಗೊತ್ತಿರೋ ಮಕ್ಕಳು ಯಾವುದನ್ನು ಎಲ್ಲಿ ಬರೀಬೇಕು ಅನ್ನೋದನ್ನೂ ಕಲೀಬೇಕಾಗ್ತದೆ. ಸಮಯ ಕಮ್ಮಿ ಇದ್ದವರಿಗೆ ಇದು ಹೊರೆಯೇ.

ಆ ವರ್ಷ ಮಾರಿಕಾಂಬಾ ಜಾತ್ರೆ ಮುಗಿಯೋ ಮೊದಲೇ, ಮಾರ್ಚ್ 25ಕ್ಕೆ ಪರೀಕ್ಷೆ ಶುರು. ಊರೆಲ್ಲ ಜಾತ್ರೆ ನಡೆಯೋ ಬಿಡಕಿ ಬೈಲಿನಲ್ಲಿದ್ದರೆ ಮನೆಯಲ್ಲಿ ಇವಳು ಹಳೇ ಪ್ರಶ್ನೆಪತ್ರಿಕೆ ಬಿಡಿಸ್ತಾ ಕೂತಿದ್ದಳು. ನೆಂಟರು ಬರ್ತಾರೆ ಅಂತ ಜಗುಲಿಗೆ ಕಟ್ಟಿದ ಹಳೇ ಸೀರಿಯಲ್ ಸೆಟ್ ಒಮ್ಮೆಲೇ ಆರಿತು. ಪ್ಲಗ್ ಕಿತ್ತು, ಮೀಟರ್ ತಂದು, ಒಂದೊಂದೇ ಬಲ್ಬಿಗೆ ಪ್ರೋಬ್ ಹಿಡಿದು ಎಲ್ಲಿ ಒಂಟಿ 1 ಬರ್ತದೋ ಅದೇ ಕಳ್ಳ ಅಂತ ಹಿಡಿದುಕೊಟ್ಟು ಮತ್ತೆ ಪುಸ್ತಕದ ಮುಂದೆ ಕೂತಳು. ಸರಣಿ ಸಂಯೋಜನೆಯ ಅನನುಕೂಲ ಏನು ಅನ್ನೋದು ಅವಳ ಮುಂದಿದ್ದ ಪತ್ರಿಕೆಯಲ್ಲೂ ಇತ್ತು ಅನ್ನೋದು ಬೇರೆ ಮಾತು.

ಹಾಗಾಗಿ ನನ್ನ ಮಟ್ಟಿಗೆ ಐದಕ್ಕೆ ಮೂರೂವರೆ. ಒಂಬತ್ತನೇ ಕ್ಲಾಸಿನ ಕೊನೆಗೋ ಹತ್ತರ ಶುರುವಿಗೋ ಕೊಡಿಸೋದಾದರೆ ಧಾರಾಳ ಕೊಡಿಸಿ. ಜನವರಿ ದಾಟಿದ ಮೇಲೆ ಬೇಡ, ಆಗ ಆ ಹೊತ್ತು ಚಿತ್ರ ಬಿಡಿಸೋಕೆ ಹೋಗಲಿ. ಇನ್ನೊಂದು ನೂರಿನ್ನೂರು ಹಾಕೋ ಶಕ್ತಿ ಇದ್ದರೆ ತಾನೇ ಆಫ್ ಆಗೋದನ್ನೇ ಕೇಳಿ ತಗೊಳ್ಳಿ, ಬ್ಯಾಟರಿ ಬಾಗಿಲು ಬೇರೆ ಇದ್ದರೆ ಇನ್ನೂ ಒಳ್ಳೇದು. ಇದನ್ನೇ ತಗೊಳ್ಳೋರು ಅಂಗಡಿಯಲ್ಲೇ ಹೊಸ ಸೆಲ್ಲಿಗೆ ಹಿಡಿದು 1.5, 1.6ರ ಆಸುಪಾಸು ತೋರಿಸ್ತದಾ ನೋಡಿ, ಒಂದು ಜೋಡಿ ಪ್ರೋಬ್ ಜಾಸ್ತಿ ಕಟ್ಟಿಸಿಕೊಂಡು ಬನ್ನಿ. ನಮ್ಮನೆಯದು ಈಗ ನನ್ನ ಮಷಿನ್ ಡ್ರಾಯರಿನಲ್ಲಿದೆ. ಪೆಡಲಿನ ವಯರ್ ಎಲ್ಲಿ ಕಡಿದಿದೆ ಅಂತ ಹೋದ ವಾರವಷ್ಟೇ ಅದರಲ್ಲೇ ಹುಡುಕಿಕೊಂಡೆ, ರಿಪೇರಿಯವನಿಗೆ ಫೋನ್ ಮಾಡಲಿಲ್ಲ.