ಎಲ್ ಯುಂಕೆ ಮಳೆಕಾಡಿಗೆ ಎಲ್ಲಿಂದ ಹೋಗೋದು? ಸಾನ್ ಹುವಾನ್, ಲುಕಿಯೊ, ನಾಗುವಾಬೊ: ಮೂರರಲ್ಲೂ ಉಳಿದು ನೋಡಿದ ಮೇಲೆ

ಅಮೆರಿಕದಲ್ಲಿರುವ ನಮ್ಮವರ ನಡುವೆ ಎಲ್ ಯುಂಕೆ ಕಾಡಿರುವ ಪೋರ್ಟೊ ರಿಕೊ ದ್ವೀಪದ ಹೆಸರು ಆಗಾಗ ಬರುತ್ತದೆ. ಬೀಚ್ ಒಂದು ಕಾರಣ. ವೀಸಾ ಸ್ಟಾಂಪಿಂಗ್ ತಲೆನೋವು ಇಲ್ಲದಿರುವುದು ಅದಕ್ಕಿಂತ ದೊಡ್ಡ ಕಾರಣ, ಅಲ್ವಾ? ಅದು ಅಮೆರಿಕದ್ದೇ ನೆಲ. ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಪಾಸ್‌ಪೋರ್ಟ್‌ನಲ್ಲಿನ ಸ್ಟಾಂಪ್ ಮುಗಿದಿದ್ದರೂ ಫ್ಲೋರಿಡಾಗೆ ಹೋದ ಹಾಗೆ ಹೋಗಿ ಬರಬಹುದು. ಫ್ಲೈಟ್ ನಡುವೆ ಬೇರೆ ದೇಶದಲ್ಲಿ ಇಳಿಯಬಾರದು, ಅಷ್ಟೇ. ಪಾಸ್‌ಪೋರ್ಟ್, ಎಚ್-1ಬಿ ಮಂಜೂರಾದ ಪತ್ರ ಐ-797 ಮಾತ್ರ ಬ್ಯಾಗಿನಲ್ಲಿ ಇರಲಿ. ಕೇಳಿದರೆ ತೋರಿಸೋಕೆ ಬೇಕು.

ಟಿಕೆಟ್ ಆದ ಮೇಲೆ ಎಲ್ಲರೂ ಕೇಳುವುದು ಒಂದೇ: ಕಾಡು, ಜಲಪಾತ ನೋಡೋಕೆ ಎಲ್ಲಿ ಉಳಿಯೋಣ? ಮೊದಲ ಸಲ ಹೋಗುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು ಲುಕಿಯೊ. ಆದರೆ ನನಗೆ ಇಷ್ಟವಾದ ಜಾಗ ಅದಲ್ಲ. ಎರಡೂ ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಮ್ಯಾಪ್ ವಿಷಯ. ಎಲ್ ಯುಂಕೆ ದ್ವೀಪದ ಈಶಾನ್ಯ ಮೂಲೆಯ ಬೆಟ್ಟಸಾಲು. ಅಮೆರಿಕದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಉಷ್ಣವಲಯದ ಮಳೆಕಾಡು ಇದೊಂದೇ. ಸ್ಪೇನ್ ರಾಜನ ಕಾಲದಲ್ಲೇ, 1876ರಲ್ಲಿ, ಇದನ್ನು ಕಾಯ್ದಿಟ್ಟ ಕಾಡು ಮಾಡಿದ್ದರು. ರಸ್ತೆ ಒಂದೇ, ಪಿಆರ್-191. ಮ್ಯಾಪ್‌ನಲ್ಲಿ ನೋಡಿದರೆ ಉತ್ತರದಿಂದ ದಕ್ಷಿಣಕ್ಕೆ ಬೆಟ್ಟ ಸೀಳಿಕೊಂಡು ಹೋದ ಹಾಗೆ ಕಾಣುತ್ತದೆ. ಹೋಗಲ್ಲ. 1970ರ ದಶಕದಲ್ಲಿ ಗುಡ್ಡ ಕುಸಿದು ನಡುವಿನ ಭಾಗ ಮುಚ್ಚಿತು, ಮತ್ತೆ ತೆರೆಯಲೇ ಇಲ್ಲ. ಹಾಗಾಗಿ ಉತ್ತರದಿಂದ ಹತ್ತಿದವರು ಉತ್ತರಕ್ಕೇ ಇಳಿಯಬೇಕು. ದಕ್ಷಿಣದ ಭಾಗ ಬೇಕೆಂದರೆ ಬೆಟ್ಟ ಸುತ್ತಿ ನಾಗುವಾಬೊ ಕಡೆಯಿಂದ ಬರಬೇಕು. ಒಂದೇ ಕಾಡಿಗೆ ಎರಡು ಬಾಗಿಲು, ಒಳಗೆ ದಾರಿ ಇಲ್ಲ. ಎಲ್ಲಿ ಉಳಿಯಬೇಕು ಅನ್ನುವುದು ನಿಂತಿರುವುದೇ ಇದರ ಮೇಲೆ.

ರಾಜಧಾನಿ ಸಾನ್ ಹುವಾನ್ ಬಗ್ಗೆ ಬೇಗ ಮುಗಿಸುತ್ತೇನೆ. ಊರು ಚೆಂದ. ಹಳೇ ಕೋಟೆ, ಬಣ್ಣಬಣ್ಣದ ಮನೆ, ರಾತ್ರಿ ಓಡಾಟ, ಎಲ್ಲ ಇದೆ. ಕಾಡಿಗೆ ಮಾತ್ರ ದೂರ. ಕಿಲೋಮೀಟರ್ ಲೆಕ್ಕದಲ್ಲಿ ನಲವತ್ತು ಚಿಲ್ಲರೆ, ಆದರೆ ಬೆಳಗಿನ ಟ್ರಾಫಿಕ್‌ನಲ್ಲಿ ಗಂಟೆ ದಾಟುತ್ತದೆ. ತಲುಪುವ ಹೊತ್ತಿಗೆ ಮೇಲಿನ ಪಾರ್ಕಿಂಗ್ ತುಂಬಿರುತ್ತದೆ, ಮೋಡವೂ ಇಳಿದಿರುತ್ತದೆ. ಕಾರು ಬೇಡ ಅಂದರೆ ಟೂರ್ ವ್ಯಾನ್ ಇದೆ. ನಾವು ಹೋದ ವ್ಯಾನ್‌ನವರು ಜಲಪಾತದ ಮುಂದೆ ಫೋಟೊ ತೆಗೆಯೋಕಷ್ಟೇ ಸಮಯ ಕೊಟ್ಟರು. ವಾಪಸ್ ಬರುವಾಗ ನಿಲ್ಲಿಸಿದ ಅಂಗಡಿಯಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಕೂರಿಸಿದರು. ಕಾಡು ನೋಡೋದೇ ಮುಖ್ಯ ಅನ್ನುವವರಿಗೆ ಸಾನ್ ಹುವಾನ್ ಬೇಡ.

ಲುಕಿಯೊ ಕಾಡಿನ ಉತ್ತರ ಬಾಗಿಲಿಗೆ ಕಾಲು ಗಂಟೆ ದೂರದ ಪುಟ್ಟ ಊರು. ಹಿಂದೆ ಬೆಟ್ಟ, ಮುಂದೆ ಅಟ್ಲಾಂಟಿಕ್. ಬೆಳಿಗ್ಗೆ ಎದ್ದು ಬಾಲ್ಕನಿಗೆ ಬಂದರೆ ಬೆಟ್ಟದ ತಲೆ ಕಾಣುತ್ತಿದೆಯಾ ಇಲ್ಲವಾ ಅಂತ ಅಲ್ಲೇ ಗೊತ್ತಾಗುತ್ತದೆ. ಕಂಡರೆ ಕಾಫಿ ಅರ್ಧಕ್ಕೆ ಬಿಟ್ಟು ಹೊರಡಿ. ಮೋಡ ಮುಚ್ಚಿದ್ದರೆ ಬೀಚಿಗೆ ಹೋಗಿ, ಕಾಡು ನಾಳೆ ನೋಡಿದರಾಯಿತು. ಲುಕಿಯೊದಲ್ಲಿ ನಾವು ಕೊಡುವ ದುಡ್ಡು ಈ ಆಯ್ಕೆಗೆ. ಸಮುದ್ರದ ಮೇಲಿಂದ ಬೀಸುವ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ಮಳೆ ಸುರಿಸುತ್ತದೆ. ತುದಿಯಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಆಸುಪಾಸು. ನಮ್ಮ ಆಗುಂಬೆಯಲ್ಲಿ ಇದಕ್ಕಿಂತ ಜಾಸ್ತಿ ಬೀಳುತ್ತದೆ, ಸರಿ. ಆದರೆ ಅಲ್ಲಿ ಮಳೆಗೆ ಒಂದು ಕಾಲ ಅಂತ ಇದೆ. ಎಲ್ ಯುಂಕೆಯಲ್ಲಿ ಜನವರಿಯಲ್ಲೂ ಹೊಯ್ಯುತ್ತದೆ, ಜುಲೈಯಲ್ಲೂ ಹೊಯ್ಯುತ್ತದೆ. ಅದೇ ಹೊತ್ತಿಗೆ ಕೆಳಗೆ ಲುಕಿಯೊ ಬೀಚಿನಲ್ಲಿ ಬಿಸಿಲು ಕಾಯುತ್ತಿರುತ್ತದೆ.

ಉತ್ತರದ ರಸ್ತೆಯಲ್ಲಿ ಮೊದಲು ಸಿಗುವುದು ಲಾ ಕೋಕಾ ಜಲಪಾತ, ಎತ್ತರ ಸುಮಾರು 26 ಮೀಟರ್. ಕಾರಿನಿಂದ ಇಳಿದರೆ ಎದುರಿಗೇ ಇದೆ, ನಡೆಯುವ ಕೆಲಸ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗಿದ್ದರೆ ಇದೊಂದು ಸಾಕು. ಆಮೇಲೆ 1963ರಲ್ಲಿ ಕಟ್ಟಿದ ಯೋಕಾಹು ಗೋಪುರ. ಅದರಾಚೆ ಹ್ವಾನ್ ದಿಯೇಗೊ: ಕೆಳಗಿನ ಚಿಕ್ಕ ಜಲಪಾತಕ್ಕೆ ಐದು ನಿಮಿಷದ ನಡಿಗೆ, ಮೇಲಿನದಕ್ಕೆ ಬೇರು ಹಿಡಿದು ಕೆಸರಲ್ಲಿ ಹತ್ತಬೇಕು. ಹೆಸರು ಮಾಡಿದ್ದು ಲಾ ಮಿನಾ ಜಲಪಾತ. 2017ರ ಮರಿಯಾ ಚಂಡಮಾರುತ ಅದರ ಕಾಲುದಾರಿಯನ್ನು ಹಾಳು ಮಾಡಿತು. ನಾನು ಹೋದಾಗ ಮುಚ್ಚಿಯೇ ಇತ್ತು. ಹಳೇ ವಿಡಿಯೊ ನೋಡಿ ಆಸೆ ಇಟ್ಟುಕೊಳ್ಳಬೇಡಿ, ಹೊರಡುವ ಮುನ್ನ ಫಾರೆಸ್ಟ್ ಸರ್ವಿಸ್‌ನ ವೆಬ್‌ಸೈಟ್ ನೋಡಿಕೊಳ್ಳಿ.

ನನಗೆ ಜಲಪಾತಕ್ಕಿಂತ ಹಿಡಿಸಿದ್ದು ಮೌಂಟ್ ಬ್ರಿಟನ್ ಗೋಪುರದ ದಾರಿ. 1930ರ ದಶಕದಲ್ಲಿ ಕೆಲಸವಿಲ್ಲದ ಹುಡುಗರಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಲ್ಲಿ ಕಟ್ಟಿದ ಕಲ್ಲಿನ ಗೋಪುರ ಅದು. ದಾರಿಗೆ ಕಾಂಕ್ರೀಟ್ ಹಾಕಿದ್ದಾರೆ, ಆದರೆ ಪಾಚಿ ಕಟ್ಟಿ ಜಾರುತ್ತದೆ. ಮೇಲೆ ಹೋದಂತೆ ಮರಗಳು ಗಿಡ್ಡ ಆಗುತ್ತವೆ. ಒಂದು ಕೊಂಬೆಯನ್ನು ಹತ್ತಿರದಿಂದ ನೋಡಿದೆ. ತೊಗಟೆಯೇ ಕಾಣದಷ್ಟು ಪಾಚಿ, ಪಾಚಿಯ ಮೇಲೆ ಜರಿಗಿಡ, ಅದರ ಸಂದಿಯಲ್ಲಿ ಅನಾನಸ್ ಕುಟುಂಬದ ಬ್ರೊಮೀಲಿಯಾಡ್ ಗಿಡ, ಅದರ ಎಲೆಯ ಬುಡದಲ್ಲಿ ನಿಂತ ಒಂದು ಚಮಚ ನೀರು, ಆ ನೀರಿನಲ್ಲಿ ಏನೋ ಹುಳ. ಮಲೆನಾಡಿನವರು ಕೇಳುವ ಪ್ರಶ್ನೆಗೆ ಉತ್ತರ: ಉಂಬಳ ಒಂದೂ ಕಾಲಿಗೆ ಹತ್ತಲಿಲ್ಲ. ಮುಂಗುಸಿ ಕಂಡರೆ ಮಾತ್ರ ಹತ್ತಿರ ಹೋಗಬೇಡಿ. ಕಬ್ಬಿನ ಗದ್ದೆಯ ಇಲಿ ಹಿಡಿಯಲಿ ಅಂತ 19ನೇ ಶತಮಾನದಲ್ಲಿ ತಂದು ಬಿಟ್ಟ ಭಾರತದ ಜಾತಿಯ ಮುಂಗುಸಿ ಅದು. ಇಲ್ಲಿ ಅದರಿಂದ ರೇಬಿಸ್ ಹರಡುತ್ತದೆ. ಇನ್ನು ಈ ಕಾಡಿನ ಹಸಿರು ಗಿಳಿ. 1975ರಲ್ಲಿ ಬರೀ 13 ಉಳಿದಿದ್ದವಂತೆ. ನಮಗೂ ಕಾಣಲಿಲ್ಲ.

ಊಟಕ್ಕೆ ಲುಕಿಯೊದ ಕಿಯೊಸ್ಕೊಗಳು. ಪಿಆರ್-3 ರಸ್ತೆ ಪಕ್ಕ, ಬೀಚಿಗೆ ಬೆನ್ನು ಹಾಕಿ, ಸುಮಾರು ಅರವತ್ತು ಅಂಗಡಿಗಳ ಸಾಲು. ಬಕಾಲಾಯಿತೊ ಅನ್ನುವ ಒಣಮೀನಿನ ಕರಿದ ತಿಂಡಿ ನಮ್ಮ ಹಪ್ಪಳದಷ್ಟು ಅಗಲ, ಅಂಚು ಗರಿಗರಿ, ನಡು ಮೆತ್ತಗೆ. ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟ. ಅನ್ನದ ಜೊತೆ ಕೊಡುವ ರಾಜ್ಮಾದಂಥ ಕಾಳಿನ ಸಾರಿನಲ್ಲಿ ಹ್ಯಾಮ್ ತುಂಡು ಇರುವುದು ಮಾಮೂಲು, ಕರಿದ ಬಾಳೆಕಾಯಿ ಜಜ್ಜಿ ಮಾಡುವ ಮೊಫೊಂಗೊದಲ್ಲಿ ಹಂದಿಯ ಚರ್ಮ. "ಸಿನ್ ಹಮೋನ್", ಅಂದರೆ ಹ್ಯಾಮ್ ಇಲ್ಲದ್ದು, ಅಂತ ಕೇಳಿ. ನೆಮ್ಮದಿಯಾಗಿ ತಿನ್ನಬಹುದಾದದ್ದು ತೊಸ್ತೋನೆಸ್, ಅಂದರೆ ಎರಡು ಸಲ ಕರಿದು ಚಪ್ಪಟೆ ಮಾಡಿದ ಬಾಳೆಕಾಯಿ. ಅದನ್ನೇ ಜೀಗುಜ್ಜೆಯಲ್ಲೂ ಮಾಡುತ್ತಾರೆ. ಕರಾವಳಿಯವರು ಇದನ್ನು ಬಿಟ್ಟು ಬರಬೇಡಿ.

ಲುಕಿಯೊದ ಕೊರತೆಯನ್ನೂ ಹೇಳಬೇಕು. ವೀಕೆಂಡ್ ಆದರೆ ಸಾನ್ ಹುವಾನಿನ ಅರ್ಧ ಜನ ಮೊನ್ಸೆರಾತೆ ಬೀಚಿಗೆ ಬರುತ್ತಾರೆ. ಸ್ಪೀಕರ್, ಡೊಮಿನೊ ಆಟ, ಗಲಾಟೆ. ಆ ಬೀಚಿಗೆ ಹವಳದ ತಡೆ ಇರುವುದರಿಂದ ನೀರು ಶಾಂತ, ಮಕ್ಕಳಿಗೆ ಒಳ್ಳೆಯದು. ಊರಿನ ಆ ಕಡೆಯ ಲಾ ಪಾರೆದ್‌ನಲ್ಲಿ ಅಲೆ ಜೋರು, ಅದು ಸರ್ಫಿಂಗ್‌ನವರಿಗೆ. ಕರೆಂಟೂ ಹೋಗುತ್ತದೆ. ನಮ್ಮ ಬಾಡಿಗೆ ಮನೆಯಲ್ಲಿ ಜನರೇಟರ್ ಇದೆ ಅಂತ ಹಾಕಿದ್ದರು. ಇತ್ತು, ಡೀಸೆಲ್ ಇರಲಿಲ್ಲ. ಬುಕ್ ಮಾಡುವಾಗ ಜನರೇಟರ್ ಜೊತೆ ನೀರಿನ ಟ್ಯಾಂಕ್ ಕೂಡ ಇದೆಯಾ ಅಂತ ಕೇಳಿಕೊಳ್ಳಿ.

ಈಗ ನಾಗುವಾಬೊ. ಲುಕಿಯೊದಿಂದ ಫಹಾರ್ದೊ ಕಡೆಗೆ ಸುತ್ತಿ ಪಿಆರ್-53 ಹಿಡಿದರೆ ಮುಕ್ಕಾಲು ಗಂಟೆ ಬೇಕು. ಅಲ್ಲಿಂದ ರಿಯೊ ಬ್ಲಾಂಕೊ ಹಳ್ಳಿ ದಾಟಿ 191ರ ದಕ್ಷಿಣ ತುಂಡು ಹತ್ತಬೇಕು. ರಸ್ತೆ ಕಿರಿದು, ಎದುರು ಕಾರು ಬಂದರೆ ಒಬ್ಬರು ಹಿಂದೆ ಸರಿಯಬೇಕು. ನೀವು ಊಹಿಸುವ ರೀತಿಯ ವಿಸಿಟರ್ ಸೆಂಟರ್, ಬೋರ್ಡು, ಶೌಚಾಲಯ ಇಲ್ಲಿಲ್ಲ. ಅವೆಲ್ಲ ಬೇಕಾದರೆ ಉತ್ತರದಲ್ಲಿ ಎಲ್ ಪೋರ್ತಾಲ್ ಇದೆ, ಮರಿಯಾದಲ್ಲಿ ಹಾಳಾಗಿ 2022ರಲ್ಲಿ ಮತ್ತೆ ತೆರೆದಿದ್ದು.

ದಕ್ಷಿಣದಲ್ಲಿ ಇರುವುದು ನದಿ. ಚಾರ್ಕೊ ಎಲ್ ಹಿಪ್ಪಿ ಅಂತ ಕರೆಯುವ ಮಡುವಿಗೆ ರಸ್ತೆ ಪಕ್ಕ ಕಾರು ಬಿಟ್ಟು ಬಂಡೆ ಹಿಡಿದು ಇಳಿಯಬೇಕು. ನೀರು ತಣ್ಣಗೆ, ಕೆಳಗಿನ ಕಲ್ಲು ಎಣಿಸುವಷ್ಟು ತಿಳಿ. ಊರಿನ ಹುಡುಗರು ಬಂಡೆ ಮೇಲಿಂದ ಧುಮುಕುತ್ತಿರುತ್ತಾರೆ. ಹತ್ತಿರದಲ್ಲೇ ದೊಡ್ಡ ಕಲ್ಲಿನ ಮೇಲೆ ದ್ವೀಪದ ಮೂಲನಿವಾಸಿಗಳಾದ ತೈನೋ ಜನ ಕೊರೆದ ಮುಖಗಳಿವೆ: ಎರಡು ಕಣ್ಣು, ಒಂದು ಬಾಯಿ, ಸುತ್ತ ಒಂದು ಗೆರೆ. ನೀರು ಚಿಮುಕಿಸಿ ಒದ್ದೆ ಮಾಡಿದರೆ ಚೆನ್ನಾಗಿ ಕಾಣುತ್ತವೆ.

ಲುಕಿಯೊ ಕಡೆಯೂ ನೀರಿಗಿಳಿಯಲು ಲಾಸ್ ಪೈಲಾಸ್ ಇದೆ. ಒಬ್ಬರ ಮನೆ ಅಂಗಳದಲ್ಲಿ ದುಡ್ಡು ಕೊಟ್ಟು ಕಾರು ನಿಲ್ಲಿಸಿ ಕೆಳಗಿಳಿದರೆ ನುಣುಪಾದ ಬಂಡೆಯೇ ಜಾರುಬಂಡಿ. ಮಜಾ ಬರುತ್ತದೆ, ಸುಳ್ಳು ಹೇಳಲ್ಲ. ಆದರೆ ರಜಾ ದಿನ ಕ್ಯೂ. ನಾಗುವಾಬೊ ಮಡುವಿನಲ್ಲಿ ವಾರದ ನಡುವೆ ಹೋದಾಗ ನಮ್ಮ ಹೊರತು ಒಬ್ಬ ಅಜ್ಜ, ಅವನ ನಾಯಿ, ಅಷ್ಟೇ.

ಎರಡೂ ಕಡೆ ಒಂದು ಎಚ್ಚರ. ನೀವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಮಳೆ ಬಿದ್ದರೆ ನದಿ ನಿಮಿಷಗಳಲ್ಲಿ ಏರುತ್ತದೆ. ಅಲ್ಲಿನವರು ಅದಕ್ಕೆ "ಗೋಲ್ಪೆ ದೆ ಆಗ್ವಾ" ಅನ್ನುತ್ತಾರೆ. ನೀರು ಸಡನ್ನಾಗಿ ಕಂದು ಬಣ್ಣಕ್ಕೆ ತಿರುಗಿದರೆ, ಎಲೆ ಕಡ್ಡಿ ತೇಲಿ ಬಂದರೆ, ಚಪ್ಪಲಿ ಹುಡುಕುತ್ತಾ ನಿಲ್ಲದೆ ದಡ ಹತ್ತಿ. ಊರಿನವರು ಎದ್ದರೆ ನೀವೂ ಎದ್ದುಬಿಡಿ.

ರಾತ್ರಿಯ ವಿಷಯದಲ್ಲಿ ನಾಗುವಾಬೊಗೆ ಸಾಟಿ ಇಲ್ಲ. ಕೊಕಿ ಕಪ್ಪೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಕೂಗೋದು ಗಂಡು ಮಾತ್ರ. "ಕೋ" ಬೇರೆ ಗಂಡುಗಳಿಗೆ, "ಕೀ" ಹೆಣ್ಣಿಗೆ. ಲುಕಿಯೊದಲ್ಲಿ ಅದು ಕಾರಿನ ಸದ್ದಿನ ಜೊತೆ ಬೆರೆಯುತ್ತದೆ. ಇಲ್ಲಿ ಕಿಟಕಿ ತೆರೆದರೆ ಪಕ್ಕದವರ ಮಾತು ಕೇಳಲ್ಲ. ನಿದ್ದೆ ಹಗುರ ಇರುವವರು ಯೋಚನೆ ಮಾಡಿ.

ಊಟ ಮಾತ್ರ ಕಡಿಮೆ. ಸಮುದ್ರದ ದಂಡೆಯಲ್ಲಿ ಮೀನಿನ ಹೋಟೆಲುಗಳಿವೆ, ಚಾಪಿನ್ ಮೀನು ತುಂಬಿದ ಕಡುಬಿನಾಕಾರದ ಪಾಸ್ತೆಲಿಯೊ ಅಲ್ಲಿಯ ವಿಶೇಷ. ಸಸ್ಯಾಹಾರಿಗಳು ಅಡುಗೆಮನೆ ಇರುವ ಮನೆ ಹಿಡಿದು ಅಕ್ಕಿ, ಬೇಳೆ, ಸಾರಿನ ಪುಡಿ ಒಯ್ಯುವುದೇ ಸರಿ. ಆ ದಂಡೆಯಿಂದ ಕಾಯೊ ಸಾಂತಿಯಾಗೊ ದ್ವೀಪದ ಕಡೆಗೆ ದೋಣಿಯಲ್ಲಿ ಹೋಗಬಹುದು. 1938ರಲ್ಲಿ ಸಂಶೋಧನೆಗೆಂದು ಭಾರತದಿಂದ ಹಡಗಿನಲ್ಲಿ ತಂದ ಸುಮಾರು 400 ಕೋತಿಗಳ ಸಂತಾನ ಅಲ್ಲಿದೆ. ನಮ್ಮ ಕಡೆಯ ಕೋತಿಯಲ್ಲ, ಉತ್ತರದ ಕೆಂಪು ಮೂತಿಯವು. ಇಳಿಯೋಕೆ ಬಿಡಲ್ಲ, ದೋಣಿಯಲ್ಲೇ ಕೂತು ನೋಡಬೇಕು.

ಲುಕಿಯೊ, ನಾಗುವಾಬೊ, ಎರಡರಲ್ಲಿ ಎಲ್ಲಿ ಉಳಿದರೂ ಕಾರು ಬೇಕೇ ಬೇಕು. ದೂರದ ಬೋರ್ಡು ಕಿಲೋಮೀಟರಿನಲ್ಲಿ, ವೇಗದ ಬೋರ್ಡು ಮೈಲಿಯಲ್ಲಿ, ಪೆಟ್ರೋಲ್ ಲೀಟರಿನಲ್ಲಿ. ಮೊದಲ ದಿನ ತಲೆ ಸ್ವಲ್ಪ ತಿರುಗುತ್ತದೆ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಚಿಕ್ಕ ಮಕ್ಕಳಿದ್ದರೆ, ಲುಕಿಯೊ ಬುಕ್ ಮಾಡಿ, ವಾರದ ನಡುವೆ ಹೋಗಿ. ಬೀಚು, ಲಾ ಕೋಕಾ, ಕಿಯೊಸ್ಕೊ ಎಲ್ಲ ಕೈಗೆಟುಕುವ ದೂರದಲ್ಲಿವೆ. ಉತ್ತರದ ಭಾಗ ಆಗಲೇ ನೋಡಿ ಮುಗಿಸಿದವರು, ನೀರಿನಲ್ಲಿ ಕೂರೋಕೆ ಅಂತಲೇ ಹೋಗುವವರು, ನಾಗುವಾಬೊಗೆ ಹೋಗಿ. ನಾನು ಮುಂದಿನ ಸಲ ಅಲ್ಲಿಗೇ ಹೋಗೋದು. ಹಾಂ, ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ಕೃಷಿ ಇಲಾಖೆಯವರು ಬ್ಯಾಗ್ ಸ್ಕ್ಯಾನ್ ಮಾಡುತ್ತಾರೆ. ಮಾವಿನಹಣ್ಣು ಬಿಡಲ್ಲ, ಅಲ್ಲೇ ತಿಂದು ಮುಗಿಸಿ.